ತರಕಾರಿಯ ಗುಡ್ಡೆ ಪಾಲು

ಒಬ್ಬಳೇ ಇರುವ ಹೆಂಗಸಿಗೆ ಎಲೆಕೋಸಿಗಿಂತ ದೊಡ್ಡ ಶತ್ರು ಇಲ್ಲ ಎಂದು ನನಗೆ ಗೊತ್ತಾದದ್ದು ಚಾಂಪಿಯನ್ ರೀಫ್ಸ್‌ಗೆ ಬಂದ ಮೊದಲ ವಾರದಲ್ಲಿ. ಸೋಮವಾರ ಪಲ್ಯ ಮಾಡಿದೆ. ಮಂಗಳವಾರ ಸಾಂಬಾರು. ಬುಧವಾರ ಕಡಲೆಹಿಟ್ಟು ಕಲಸಿ ಬಜ್ಜಿ ಕರಿದೆ. ಆ ಎಣ್ಣೆಯ ದುಡ್ಡಿಗೆ ಇನ್ನೆರಡು ಕೋಸು ಬರುತ್ತಿದ್ದವು. ಗುರುವಾರ ನೋಡಿದರೆ ಇನ್ನೂ ಅರ್ಧ ಉಳಿದಿದೆ! ಕೊಳ್ಳುವಾಗಲೇ ಅಂಗಡಿಯವನಿಗೆ ಅರ್ಧ ಕೊಡಪ್ಪ ಅಂದಿದ್ದೆ. "ಇನ್ನರ್ಧ ಏನ್ಮಾಡ್ಲಕ್ಕಾ, ತಲೆ ಮೇಲೆ ಇಟ್ಕಳ್ಳಾ?" ಎಂದಿದ್ದ. ಎಂಥ ಸಿಟ್ಟು ಬಂತೆಂದರೆ ಪೂರ್ತಿ ಕೊಂಡುಬಂದೆ. ನನ್ನ ಸಿಟ್ಟಿನ ಫಲ ಯಾವಾಗಲೂ ಹೀಗೆ, ನಾನೇ ಉಣ್ಣಬೇಕು.

ನಾನು ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಸಂಬಳವೂ ಅತಿಥಿಯ ಹಾಗೇ, ಅಪರೂಪಕ್ಕೆ ಬಂದು ಬೇಗ ಹೊರಟುಬಿಡುತ್ತದೆ. ನನ್ನೂರು ಬೂದಿಕೋಟೆ ಕಡೆಯ ಹಳ್ಳಿ. ಅಲ್ಲಿ ಅಣ್ಣನ ಮನೆ, ಅತ್ತಿಗೆ, ಮಕ್ಕಳು, ಎರಡು ಸೀಮೆಹಸು. ಎಲ್ಲರೂ ಒಳ್ಳೆಯವರೇ, ಹಸುಗಳೂ ಸೇರಿ. ಆದರೆ ಮೂವತ್ತೆಂಟು ವರ್ಷದ ನಾನು ಯಾವ ಸೀರೆ ಉಡಬೇಕು, ಎಷ್ಟು ಮುದ್ದೆ ಉಣ್ಣಬೇಕು ಎನ್ನುವುದಕ್ಕೆ ಅಲ್ಲಿ ಐದು ಜನರ ಅಭಿಪ್ರಾಯ ಬೇಕಿತ್ತು. ಹಾಗಾಗಿ ಚಿನ್ನದ ಗಣಿ ಕಾರ್ಮಿಕರ ಹಳೇ ಸಾಲುಮನೆಗಳ ಲೈನಿನಲ್ಲಿ ಕಡಿಮೆ ಬಾಡಿಗೆಗೆ ಎರಡು ಕೋಣೆಯ ಮನೆ ಸಿಕ್ಕಿದ್ದೇ ತಡ, ಗಂಟುಮೂಟೆ ಕಟ್ಟಿದೆ. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆ.

ಅಣ್ಣ ಜಗಳವಾಡಲಿಲ್ಲ. ಸಾಮಾನು ಇಳಿಸಿ, ಬೆವರು ಒರೆಸಿಕೊಂಡು ಹೇಳಿದ. "ನೋಡಮ್ಮಾ, ಮೂರು ತಿಂಗ್ಳು. ಆ ಸಂಬಳ್ದಾಗೆ ಬಾಡ್ಗೆ ಕಟ್ಟಿ, ಒಟ್ಟೆ ತುಂಬ ಉಂಡ್ಕಂಡಿದ್ರೆ ಇರು. ಇಲ್ಲಾಂದ್ರೆ ಇದೇ ಲಗೇಜ್ ಆಟೋ ತಕ್ಕಂಡು ಬತ್ತೀನಿ." ಅವನ ಪಾಲಿಗೆ ಅದು ಅಕ್ಕರೆ. ನನ್ನ ಪಾಲಿಗೆ ವಾಯಿದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ: ಬೀಗದ ಕೈ ನನ್ನದೇ ಪರ್ಸಿನಲ್ಲಿದೆ ಎಂಬ ಸುಖವನ್ನು ನಾನು ಆವರೆಗೆ ಕಂಡಿರಲಿಲ್ಲ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಉಳಿತಾಯ ಶುರುವಾಯಿತು. ಶಾಲೆಯಲ್ಲಿ ಬಿಸಿಯೂಟ ಬಡಿಸುವ ಮುಂಚೆ ಒಬ್ಬ ಟೀಚರು ರುಚಿ ನೋಡಬೇಕು. ಎಲ್ಲರ ಸರದಿಯನ್ನೂ ನಾನೇ ವಹಿಸಿಕೊಂಡೆ. ನಾಲ್ಕನೇ ದಿನ ಹೆಡ್‌ಮಾಸ್ಟರು "ಮೇಡಂ, ರುಚಿ ನೋಡೋಕೆ ತಟ್ಟೆ ಬೇಕಾಗಲ್ಲ, ಚಮಚ ಸಾಕು" ಎಂದು ನಯವಾಗಿ ಹೇಳಿದರು. ಸಂಜೆ ಪಾನಿಪುರಿ ಗಾಡಿಗಳ ಬೀದಿ ಬಿಟ್ಟು ಸುತ್ತುಬಳಸಿ ಸ್ಟೇಷನ್ನಿಗೆ ಹೋಗುತ್ತಿದ್ದೆ. ಎರಡು ಫರ್ಲಾಂಗು ಹೆಚ್ಚು ನಡೆದು ಹಸಿವೂ ಹೆಚ್ಚಾಗಿ, ಸ್ಟೇಷನ್ ಮುಂದೆ ಬೋಂಡ ತಿನ್ನುತ್ತಿದ್ದೆ.

ಎರಡನೇ ವಾರ ಟೊಮೇಟೊ ಬೆಲೆ ಬಿದ್ದುಹೋಯಿತು. ಬಂಗಾರಪೇಟೆಯಲ್ಲಿ ಒಬ್ಬ ಹದಿನೈದು ಕೆಜಿಯ ಬಾಕ್ಸನ್ನು ಕೇಳಿದಷ್ಟಕ್ಕೆ ಕೊಡುತ್ತಿದ್ದ. ನಮ್ಮ ಕಡೆಯವರಿಗೆ ಟೊಮೇಟೊ ಅಂದರೆ ಬಾಕ್ಸೇ ಲೆಕ್ಕ, ಕೆಜಿ ಅಲ್ಲ. ನನಗೂ ಅದೇ ಚಾಳಿ. ಇರುವುದು ಒಂದೇ ಹೊಟ್ಟೆ ಎಂಬುದು ಮರೆತೇ ಹೋಗಿ, ಬಾಕ್ಸ್ ಹೊತ್ತು ರೈಲು ಹತ್ತಿಬಿಟ್ಟೆ. ಮೂರನೇ ದಿನಕ್ಕೆ ಮನೆಯೆಲ್ಲ ಹುಳಿ ನಾತ. ಪಕ್ಕದ ಮನೆಯ ಪಾಟಿ ಬಾಗಿಲಲ್ಲಿ ನಿಂತು ಮೂಗು ಅರಳಿಸಿತು. ಗಂಡ ಗಣಿಯಲ್ಲಿ ಕೆಲಸ ಮಾಡಿ ತೀರಿಕೊಂಡ ಮೇಲೆ ಒಂಟಿಯಾಗಿರುವ ತಮಿಳು ಮುದುಕಿ ಅದು. ಲೈನಿಗೆಲ್ಲ ಪಾಟಿಯೇ, ಅಂದರೆ ಅಜ್ಜಿ.

"ಏನ್ಮಾ ಕಣ್ಣು, ತಕ್ಕಾಳಿ ಅಂಗ್ಡಿ ಇಡ್ತೀಯಾ?"

ನಾಚಿಕೆಯಾಯಿತು. ಹಾಗೆ ನಿಂತಿರುವಾಗ ನಮ್ಮೂರ ಗುಡ್ಡೆ ಮಾಂಸ ನೆನಪಾಯಿತು. ಹಬ್ಬದ ಮಾರನೇ ದಿನ ಹತ್ತು ಮನೆಯವರು ಸೇರಿ ಕುರಿ ಕೊಯ್ದು, ಮಾಂಸವನ್ನು ಹತ್ತು ಗುಡ್ಡೆ ಹಾಕುತ್ತಾರೆ. ಎಲ್ಲ ಗುಡ್ಡೆಗೂ ಒಂದಿಷ್ಟು ಲಿವರು, ಒಂದಿಷ್ಟು ಮೂಳೆ. ಆಮೇಲೆ ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ಒಂದೊಂದೇ ಗುಡ್ಡೆ ಮುಟ್ಟಿ "ಇದ್ಯಾರ್ದು?" ಎಂದಾಗ, ನೋಡದೆ ಹೆಸರು ಹೇಳಬೇಕು. ಅಲ್ಲಿಗೆ ತಕರಾರು ಮುಗಿಯಿತು. ಕುರಿಗಾಗುವುದು ಕೋಸಿಗೆ ಯಾಕಾಗಬಾರದು?

ಒಂಟಿ ಒಲೆಗಳಿಗೇನು ನಮ್ಮ ಲೈನಿನಲ್ಲಿ ಬರವಿರಲಿಲ್ಲ. ಪಾಟಿ ಒಬ್ಬಳು. ಎದುರು ಮನೆಯಲ್ಲಿ ಗಣಿಯಲ್ಲಿ ದುಡಿದ ತಾತ ಒಬ್ಬ. ಹಿಂದಿನ ಮನೆಯಲ್ಲಿ ನರ್ಸಕ್ಕ. ನಾಲ್ವರೂ ಚೀಟಿ ಹಾಕಿದ ಹಾಗೆ ದುಡ್ಡು ಸೇರಿಸಿದೆವು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಸಗಟು ಬೆಲೆಗೆ ತರಕಾರಿ ತರುವುದು, ಭಾನುವಾರ ಬೆಳಿಗ್ಗೆ ನನ್ನ ಜಗಲಿಯಲ್ಲಿ ಪೇಪರು ಹಾಸಿ ತಾತ ನಾಲ್ಕು ಗುಡ್ಡೆ ಹಾಕುವುದು. ಕೋಸು ನಾಲ್ಕು ಹೋಳಾಗಿ ಸೋತು ಮಲಗಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಶಾಂತಿಯಿಂದ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತಾತನ ಪಾಲಿಗೆ ಬಂದ ಹೀರೇಕಾಯಿ ಗೇಣುದ್ದ ಹೆಚ್ಚಿತ್ತೆಂದು ನಾನು ಅವನ ಮೇಲೆ ಕೂಗಾಡಿದೆ. ಆ ವಯಸ್ಸಾದ ಮನುಷ್ಯ ಕನ್ನಡಕ ತೆಗೆದು ಒರೆಸಿ, ಹೀರೇಕಾಯಿಯ ತುದಿ ಕತ್ತರಿಸಿ ನನ್ನ ಕೈಗೆ ಕೊಟ್ಟ. ಇವತ್ತಿಗೂ ನೆನೆದರೆ ಮುಖ ಬಿಸಿಯಾಗುತ್ತದೆ. ಪಾಟಿ ತೀರ್ಪು ಕೊಟ್ಟಿತು. "ಯಾರಿಗೆ ವಾಯಿ ಜಾಸ್ತಿನೋ ಅವ್ರೇ ತಿರುಕ್ಕೊಂಡು ನಿಂತ್ಕೊಳ್ಳಿ." ಅಂದಿನಿಂದ ಬೆನ್ನು ತಿರುಗಿಸುವ ಕೆಲಸ ಕಾಯಂ ನನಗೇ ಬಂತು.

ಮೂರು ತಿಂಗಳು ಕಳೆದ ಭಾನುವಾರ, ತಾತ ಗುಡ್ಡೆ ಹಾಕುತ್ತಿರುವಾಗಲೇ ಖಾಲಿ ಲಗೇಜ್ ಆಟೋ ಬಂದು ನಿಂತಿತು. ಅಣ್ಣ ಇಳಿದ. ಯಾರನ್ನೂ ಮಾತಾಡಿಸದೆ ನೇರ ಅಡುಗೆಮನೆಗೆ ನುಗ್ಗಿ ಡಬ್ಬಗಳ ಮುಚ್ಚಳ ತೆಗೆದ. ರಾಗಿಹಿಟ್ಟು ಇತ್ತು. ಬೇಳೆ ಇತ್ತು. ಎಣ್ಣೆಯೂ ಇತ್ತು. ಒಲೆ ಮೇಲೆ ಬಸ್ಸಾರು ಕುದಿಯುತ್ತಿತ್ತು. ಅವನಿಗೆ ಸ್ವಲ್ಪ ನಿರಾಸೆಯೇ ಆಯಿತೇನೋ.

"ಒಣಗೋಗಿದೀಯ," ಎಂದ ಕೊನೆಗೆ.

"ಎರಡು ಕೆಜಿ ಜಾಸ್ತಿಯಾಗಿದೀನಿ. ನರ್ಸಕ್ಕನೇ ತೂಕ ನೋಡಿದಾಳೆ."

"ನಿಮ್ಮತ್ತಿಗೆ ನಿನ್ನ ರೂಮು ಸಾರ್ಸಿ ಇಟ್ಟಿದಾಳೆ," ಎಂದ. ಧ್ವನಿ ಮೆತ್ತಗಿತ್ತು. ಅವನು ಗದರಿದ್ದರೆ ನಾನೂ ಗದರುತ್ತಿದ್ದೆ. ಮೆತ್ತಗೆ ಮಾತಾಡಿದರೆ ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಒಲೆ ಸಣ್ಣ ಮಾಡಿ ಹೊರಗೆ ಬಂದೆ.

ಹಿಂದೆಯೇ ಬಂದವನು ಜಗಲಿಯ ಪೇಪರು ನೋಡಿ ನಿಂತ. ನಮ್ಮೂರಲ್ಲಿ ಮಾಂಸದ ಗುಡ್ಡೆ ಹಾಕುವವನು ಅವನೇ. ಅವನ ಕೈಗೆ ತಕ್ಕಡಿಯೇ ಬೇಡ ಎಂದು ಜನ ಹೇಳುತ್ತಾರೆ, ಅವನೂ ಹೇಳಿಕೊಳ್ಳುತ್ತಾನೆ. "ಯಾರಪ್ಪಾ ಇದು ಗುಡ್ಡೆ ಆಕಿರೋದು? ಮೂಲಂಗಿಯೆಲ್ಲಾ ಒಂದ್ಕಡೆ, ಈರುಳ್ಳಿಯೆಲ್ಲಾ ಒಂದ್ಕಡೆ! ಇದ್ನ ಗುಡ್ಡೆ ಅಂತಾರಾ?"

ತಾತನಿಗೆ ನಗು. "ಬಾಪ್ಪಾ, ನೀನೇ ಆಕು."

ಅಣ್ಣ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕುಳಿತ. ಎಲ್ಲವನ್ನೂ ಮತ್ತೆ ಒಂದೇ ರಾಶಿಗೆ ಬಳಿದ. ಆಮೇಲೆ ತಲೆಯೆತ್ತಿ ಕೇಳಿದ.

"ಎಷ್ಟು ಗುಡ್ಡೆ?"

ಪಾಟಿ ನನ್ನ ಮುಖ ನೋಡಿತು. ನರ್ಸಕ್ಕ ಆಟೋ ಕಡೆ ನೋಡಿದಳು. ನಾಲ್ಕು ಎಂದು ಹೇಳಲು ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಲೈನಿಗೆಲ್ಲ ಕೇಳುವ ಹಾಗೆ ಕೂಗಾಡುವ ನನಗೆ! ಹೇಳಿದರೆ ಅವನು ಮೂರು ಅಂದುಬಿಡುತ್ತಾನೆ ಎಂದು ಭಯವಾಗಿತ್ತು.

"ಸರಿ, ಕೂಗೋರು ಯಾರು? ತಿರುಕ್ಕಂಡು ನಿಂತ್ಕಳ್ಳಿ," ಎಂದ.

ಗೋಡೆಗೆ ಮುಖ ಮಾಡಿ ನಿಂತೆ. ಹಿಂದೆ ಈರುಳ್ಳಿ ಉರುಳುವ ಸದ್ದು, ಚಾಕುವಿನ ಸದ್ದು, ಅವನ ಗೊಣಗಾಟ. ಕಿವಿಗೊಟ್ಟು ಎಣಿಸಲು ನೋಡಿದೆ, ಲೆಕ್ಕ ಸಿಗಲಿಲ್ಲ. ನನ್ನ ಹೆಸರನ್ನು ಕೊನೆಗಿಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ. ಮೂರೇ ಗುಡ್ಡೆ ಇದ್ದರೆ ಆ ಮೂವರಿಗಾದರೂ ತಪ್ಪದಿರಲಿ.

"ಇದ್ಯಾರ್ದು?"

"ಪಾಟಿದು."

"ಇದ್ಯಾರ್ದು?"

"ತಾತಂದು."

"ಇದು?"

"ನರ್ಸಕ್ಕಂದು."

ಆಮೇಲೆ ಏನೂ ಕೇಳಿಸಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸುಣ್ಣ ಕಿತ್ತುಬಂದ ಗೋಡೆಯನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತೆ.

ಅಣ್ಣ ಕೆಮ್ಮಿದ.

"ಇದ್ಯಾರ್ದಮ್ಮಾ?"

"ನಂದು," ಎಂದೆ. ಅವರ ಕಡೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.