ಕತ್ತು ತಿರುಗಿಸದ ಕುದುರೆ

ನಮ್ಮ ಫ್ರಿಜ್ಜಿನಲ್ಲಿರುವ ಕ್ಯಾರೆಟ್ಟುಗಳಲ್ಲಿ ಎರಡು ಪಂಗಡ. ಕೋಸಂಬರಿಗೆ ತುರಿಯುವ ಎಳೆಯವು ಮನೆಯವರಿಗೆ, ಬಲಿತು ಉದ್ದವಾದವು ಹೇಝಲ್‌ಗೆ. ಹೇಝಲ್ ಎಂದರೆ ವಯಸ್ಸಾದ ಕಂದು ಹೆಣ್ಣುಕುದುರೆ. ಈ ಪರದೇಶದಲ್ಲಿ ನಮ್ಮೂರಾದ ಕಮ್ಮಿಂಗ್‌ನ ಹೊಸ ಮನೆಗಳ ಸಾಲು ಮುಗಿದು ಒಂದಿಷ್ಟು ಹುಲ್ಲುಗಾವಲು ಇನ್ನೂ ಉಳಿದಿರುವ ಕಡೆ, ಲಿಂಡಾ ಎಂಬಾಕೆಯ ಲಾಯದಲ್ಲಿ ಅವಳ ವಾಸ. ಸವಾರಿ ಕಲಿಯಲು ಅಲ್ಲಿಗೆ ಹೋಗುತ್ತಿದ್ದವಳು ನನ್ನ ಮಗಳು. ಅವಳು ಕಾಲೇಜು ಸೇರಿ ಊರು ಬಿಟ್ಟರೂ ಶನಿವಾರ ಬೆಳಗಾದರೆ ನನ್ನ ಕಾರು ಅತ್ತಲೇ ಹೊರಡುತ್ತದೆ.

ಹೇಝಲ್‌ಳ ಬೆನ್ನಿಗೆ ಹಿಂದೊಮ್ಮೆ ಪೆಟ್ಟಾಗಿತ್ತು. ಭಾರ ಹೊರಿಸಬೇಡಿ, ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಲ್ಲಿಸಬೇಡಿ, ಮೈ ಬಾಗುವುದನ್ನು ಮಾತ್ರ ಮರೆಯಲು ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಮೊದಲು ಅವಳನ್ನು ನಿಧಾನವಾಗಿ ನಡೆಸಿ ಮೈ ಬೆಚ್ಚಗಾಗಿಸುತ್ತೇನೆ. ಆಮೇಲೆ ಪಕ್ಕದಲ್ಲಿ ನಿಂತು ಕ್ಯಾರೆಟ್ಟನ್ನು ಮೂಗಿನಿಂದ ಭುಜದತ್ತ, ಭುಜದಿಂದ ಪಕ್ಕೆಯತ್ತ ಮೆಲ್ಲಗೆ ಒಯ್ದರೆ, ಅದರ ಹಿಂದೆಯೇ ಮೂಗು, ಮೂಗಿನ ಹಿಂದೆ ಆ ನೀಳ ಕತ್ತು, ಕತ್ತಿನ ಹಿಂದೆ ಬೆನ್ನು, ಹೀಗೆ ಒಂದೊಂದಾಗಿ ಬಾಗುತ್ತ ಬರುತ್ತವೆ. ಒಂದು ಬದಿ ಆದಮೇಲೆ ಇನ್ನೊಂದು ಬದಿ, ಕೊನೆಗೆ ಮುಂಗಾಲುಗಳ ನಡುವೆ. ಇದರಲ್ಲಿ ಬಲವಂತವಿಲ್ಲ. ಎಷ್ಟು ಬಾಗಬೇಕೆಂದು ತೀರ್ಮಾನಿಸುವವಳು ಅವಳೇ, ಕಾಯುವ ಕೆಲಸ ಮಾತ್ರ ನನ್ನದು.

ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಮುದುಡಿ ಕುಳಿತು, ಕಾರಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ‘ಅಯ್ಯಮ್ಮಾ’ ಎನ್ನುವ ನನ್ನ ಸ್ನೇಹಿತವರ್ಗಕ್ಕೆ ಇದು ದೊಡ್ಡ ತಮಾಷೆ. “ಸುಮಕ್ಕ ಕುದುರೆಗೆ ಯೋಗ ಹೇಳ್ಕೊಡ್ತಾರಂತೆ” ಎಂದು ನಗುತ್ತಾರೆ. ನಗಲಿ ಬಿಡಿ, ನಾನೂ ನಗುತ್ತಿದ್ದೆ. ಆದರೆ ಅದೇ ಯೋಗವನ್ನು ಅವಳಿಗೇ ತಿರುಗುಬಾಣ ಮಾಡಿದರಲ್ಲ, ಅದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಬೀದಿಯ ಪ್ರಶಾಂತನ ತಮ್ಮನಿಗೆ ಮದುವೆ ಗೊತ್ತಾಯಿತು. ಎರಡೂ ಕಡೆಯವರು ಮೈಸೂರಿನವರು. ಛತ್ರಿ ಹಿಡಿದು, ಕಾಲಿಗೆ ಹೊಸ ಚಪ್ಪಲಿ ಮೆಟ್ಟಿ ಕಾಶಿಯಾತ್ರೆಗೆ ಹೊರಟಂತೆ ನಟಿಸಿದರೆ ನಮ್ಮ ವರನ ಗತ್ತಿಗೆ ಅಷ್ಟು ಸಾಕಿತ್ತು. ಈಗ ಸಾಲದು. ಕುದುರೆ ಬೇಕು, ಡಿಜೆ ಬೇಕು, ಮೇಲೆ ಹಾರುವ ಕ್ಯಾಮೆರಾ ಬೇಕು.

ಹೇಝಲ್‌ಳನ್ನು ಕೇಳಲು ಬಂದವನಿಗೆ, “ಆಗಲ್ಲ ಪ್ರಶಾಂತ, ಅವಳ ಬೆನ್ನು ಸರಿಯಿಲ್ಲ” ಎಂದೆ.

“ಏನಕ್ಕ, ನೀವೇ ವಾರವಾರ ಸ್ಟ್ರೆಚ್ ಮಾಡಿಸ್ತೀರ. ನಮ್ಮೆಲ್ಲರಿಗಿಂತ ಅದೇ ಫಿಟ್ ಆಗಿದೆ!”

ನನ್ನ ಬೆನ್ನ ಹಿಂದೆ ಅವನು ಲಿಂಡಾಳ ಬಳಿಗೇ ಹೋದ. ಹುಲ್ಲಿನ ಮೇಲೆ ಪಕ್ಕದಲ್ಲಿ ನಿಂತು ಒಂದು ಫೋಟೊ, ಅಷ್ಟೇ, ಸುಮಕ್ಕನೂ ಒಪ್ಪಿದ್ದಾರೆ ಎಂದ. ಅವಳು ನಂಬಿ, ಹೇಝಲ್‌ಳನ್ನು ಮದುವೆಯ ಹಾಲ್‌ಗೆ ತಂದು ಬಿಟ್ಟುಹೋಗಲು ಒಪ್ಪಿದಳು.

ಮದುವೆಯ ದಿನ ಹಾಲ್‌ನ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿದವಳಿಗೆ ಕಂಡದ್ದು, ಕಾದ ಡಾಂಬರಿನ ಮೇಲೆ ಜರಿಯ ಹೊದಿಕೆಯಡಿ ನಿಂತ ಹೇಝಲ್. ಬೆನ್ನ ಮೇಲೆ ಪೇಟ ಸುತ್ತಿದ ದಷ್ಟಪುಷ್ಟ ವರ. ಕಿವಿ ಹರಿಯುವ ಹಾಡು. ನಾಲ್ಕಾರು ಆಂಟಿಯರು ಅವಳ ಬಾಯಿಗೆ ಬಾಳೆಹಣ್ಣು ತುರುಕುತ್ತಿದ್ದರು, ಗೋವಿಗೆ ಕೊಟ್ಟಷ್ಟೇ ಭಕ್ತಿಯಿಂದ. ನಾನು ನುಗ್ಗಿ ಹೋಗಿ ಇಳಿಯಪ್ಪಾ ಎಂದೆ.

ಪ್ರಶಾಂತ ನಗುತ್ತಲೇ ನನ್ನ ತೋಳು ಹಿಡಿದು ಬದಿಗೆ ಕರೆದೊಯ್ದ. “ಅಕ್ಕ, ಇದೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ.”

ಯಾರು ಅಡ್ಜಸ್ಟ್ ಮಾಡಿಕೊಳ್ಳಬೇಕು, ಹೇಳಿ? ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಎದುರಾಡುವವರಿಗೆ ಯಾರೂ ಇದನ್ನು ಹೇಳಿದ್ದು ಕಾಣೆ. ಸುಮ್ಮನಿರುವವರನ್ನು ಹುಡುಕಿಕೊಂಡು ಹೋಗಿ ಹೇಳುತ್ತಾರೆ. ಸುಮ್ಮನಿರುವುದಕ್ಕೆ ಒಪ್ಪಿಗೆ ಎಂದು ಹೆಸರಿಡುತ್ತಾರೆ, ಆಮೇಲೆ ಬಲು ಒಳ್ಳೆಯ ಸ್ವಭಾವ ಎಂದು ಹೊಗಳುತ್ತಾರೆ. ನಾನು ಲಿಂಡಾಗೆ ಫೋನ್ ಮಾಡಿದೆ. ಅವಳು ಟ್ರೇಲರ್ ತಂದು ಹೇಝಲ್‌ಳನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಮೆರವಣಿಗೆ ಲಾಟನ್ನು ಸುತ್ತಿ ಮುಗಿಸಿತ್ತು. ನಾನು ಊಟಕ್ಕೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಹೇಝಲ್‌ಳನ್ನು ನಡೆಸಿದೆ, ಎಂದಿಗಿಂತ ಹೆಚ್ಚು ಹೊತ್ತು. ಬಲಕ್ಕೆ ಬಾಗಿದಳು. ಎಡಕ್ಕೆ ಕ್ಯಾರೆಟ್ ಒಯ್ದಾಗ ಮೂಗು ಭುಜದವರೆಗೂ ಬರಲಿಲ್ಲ. ಕಣ್ಣು ಮಾತ್ರ ಅದನ್ನು ಹಿಂಬಾಲಿಸಿತು, ಆಮೇಲೆ ಅವಳು ಮುಖವನ್ನು ನೆಟ್ಟಗೆ ಮಾಡಿಕೊಂಡು ಗೋಡೆ ನೋಡುತ್ತ ನಿಂತಳು. ನನಗೆ ಅಳು ಬಂತು. ಕ್ಯಾರೆಟ್ಟನ್ನು ಬಾಯಿಗೇ ಕೊಟ್ಟೆ.

ಆಗಲೇ ಪ್ರಶಾಂತನಿಂದ ಮೆರವಣಿಗೆಯ ಫೋಟೊ ಬಂದದ್ದು, ಜೊತೆಗೆ ಅವನ ದನಿಯಲ್ಲೇ ಒಂದು ಸಂದೇಶ: “ಅಕ್ಕ, ಕೋಪ ಬಿಡಿ. ನೋಡಿ, ಎಷ್ಟು ಡೀಸೆಂಟಾಗಿ ನಿಂತಿದೆ! ಅಷ್ಟು ಗಲಾಟೇಲೂ ಒಂದ್ಸಲಾನೂ ಕತ್ತು ತಿರುಗಿಸ್ಲಿಲ್ಲ.”

ನಾನೂ ದನಿಯಲ್ಲೇ ಉತ್ತರ ಕಳಿಸಿದೆ. “ಅವಳಿಗೆ ತಿರುಗಿಸೋಕೆ ಆಗ್ತಿರ್ಲಿಲ್ಲ ಪ್ರಶಾಂತ, ಇವತ್ತೂ ಆಗ್ತಿಲ್ಲ. ಶನಿವಾರ ಬಾ. ಕ್ಯಾರೆಟ್ ನೀನೇ ಹಿಡಿ. ಅವಳು ತಿರುಗೋವರೆಗೂ ಅಲ್ಲೇ ನಿಂತಿರು.”