ಎಣ್ಣೆ ಹಾಕಿಟ್ಟ ರಿವಾಲ್ವರ್

ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪೇಪರ್ ಹಾಸಿ, ತಂದೆಯ ಕಾಲದಿಂದ ಬಂದ ಲೈಸೆನ್ಸಿನ ಮ್ಯಾಗ್ನಮ್ ರಿವಾಲ್ವರನ್ನು ಒರೆಸುತ್ತಾ ಕೂರುತ್ತಿದ್ದರು. ಕೈಗೆತ್ತಿಕೊಂಡ ಕೂಡಲೇ ಗುಂಡು ತುಂಬುವ ಚಕ್ರವನ್ನು ಹೊರಕ್ಕೆ ತೆರೆದು ಬೆಳಕಿಗೆ ಹಿಡಿಯುವರು. "ಖಾಲಿ ಅದ. ಆದ್ರೂ ನೋಡಬೇಕು." ಆಮೇಲೆ ನಳಿಗೆಯೊಳಗೆ ಬ್ರಷ್ ಆಡಿಸಿ, ಒಂದೇ ಹನಿ ಎಣ್ಣೆ ಬಿಡುವರು. ಹೆಚ್ಚು ಬಿದ್ದರೆ ಧೂಳು ಹಿಡಿಯುತ್ತದೆಂದು ತಮ್ಮನ್ನು ತಾವೇ ಬೈದುಕೊಳ್ಳುವರು.

ಒಂದು ದಿನ ಅವರ ಇಬ್ಬರು ಮಕ್ಕಳು ಹೊಲದ ಬದುವಿನ ವಿಷಯಕ್ಕೆ ಅದೇ ಅಂಗಳದಲ್ಲಿ ಹೊಡೆದಾಡಿದರು. ಬಿಡಿಸಲು ಹೋದ ನಾನು ಕಂಡೆ, ಸಣ್ಣವನ ಕಣ್ಣು ರಿವಾಲ್ವರ್ ಇಡುತ್ತಿದ್ದ ಒಳಗಿನ ಅಲ್ಮಾರಿಯ ಕಡೆ ಹೋಗಿ ಬಂತು. ಕಾಕಾ ಕೂಡ ಅದನ್ನು ಕಂಡಿದ್ದರು.

ಮರುದಿನ ನನ್ನನ್ನು ಜೊತೆಗೆ ಕರೆದುಕೊಂಡು ರಿವಾಲ್ವರ್ ಮಾರಲು ಹುಮನಾಬಾದಿನ ಬಂದೂಕಿನ ಅಂಗಡಿಗೆ ಹೋದರು. ಕೊಡುವ ಮುಂಚೆ ಚಕ್ರ ತೆರೆದು ಮತ್ತೊಮ್ಮೆ ನೋಡಿದರು. ಅಂಗಡಿಯವನು ಅದರ ಕುದುರೆ ಎಳೆದು ಪರೀಕ್ಷಿಸಿ ತಲೆದೂಗಿದ.

"ಭಾಳ ಚೊಲೋ ಇಟ್ಟೀರಿ ಕಾಕಾ. ಇನ್ನೂ ಎರಡು ತಲಿಮಾರು ಬಾಳತದ್ರಿ."

"ಅದೇ ಅಂಜಿಕಿ ಆಗ್ಯಾದ," ಅಂದರು ಕಾಕಾ.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿದವರು ಊರು ಬರುವವರೆಗೂ ನಿದ್ದೆ ಹೋದರು.

ಮುಂದಿನ ಭಾನುವಾರ ಅಂಗಳದಲ್ಲಿ ಮತ್ತೆ ಪೇಪರ್ ಹಾಸಿದ್ದು ಕಂಡು ಅವಸರದಿಂದ ಹತ್ತಿರ ಹೋದೆ. ಕಾಕಾರ ಕೈಯಲ್ಲಿ ಅದೇ ಎಣ್ಣೆಯ ಡಬ್ಬಿ ಇತ್ತು, ಮುಂದೆ ಅವರ ಹೆಂಡತಿ ಕಾಕುವಿನ ಹಳೆಯ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿತ್ತು.

ಬಾಗಿಲಲ್ಲಿ ನಿಂತಿದ್ದ ಕಾಕು ನಕ್ಕರು. "ನೋಡಪಾ, ನನ್ನ ಮಷೀನಿಂದು ಈಗ ಪಾಳಿ ಬಂತು."