ಕಿಟಕಿಯಿಂದ ಏನು ಕಾಣಬೇಕು?

ನಮ್ಮ ಶಾರದತ್ತಿಗೆಗೆ ಯಾವ ನಕ್ಷೆಯೂ ಹಿಡಿಸುತ್ತಿರಲಿಲ್ಲ.

ಹಾಲ್ ಚೆನ್ನಾಗಿದೆ ಎನ್ನುತ್ತಿದ್ದರು. ಕಿಚನ್ ಚೆನ್ನಾಗಿದೆ ಎನ್ನುತ್ತಿದ್ದರು. ಕೊನೆಗೆ ‘ಆದ್ರೂ ಈಗ್ಲೇ ಬ್ಯಾಡ, ಇನ್ನೊಂದ್ಸಲ ನೋಡಾಣ’ ಎಂದು ಸುರುಳಿ ಸುತ್ತಿ ವಾಪಸ್ ಕೊಟ್ಟುಬಿಡುತ್ತಿದ್ದರು. ಯಾಕೆ ಬೇಡ?

ಹೊಳೆನರಸೀಪುರದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ನನ್ನ ಅಣ್ಣ ರುದ್ರೇಶನಿಗೆ ತಲೆ ಕೆಟ್ಟುಹೋಗಿತ್ತು. ಹರದನಹಳ್ಳಿ ಕಡೆಗಿರುವ ನಮ್ಮ ತೆಂಗಿನ ತೋಟದಲ್ಲಿ ಮನೆ ಕಟ್ಟಬೇಕೆಂಬುದು ಅವನ ಬಹಳ ದಿನದ ಆಸೆ. ಹಾಸನದಿಂದ ನಯನಾ ಎಂಬ ಆರ್ಕಿಟೆಕ್ಟ್ ಬರುತ್ತಿದ್ದರು. ಗೋಡೆಯ ಬದಲು ದೊಡ್ಡ ದೊಡ್ಡ ಗಾಜು, ಹಾಲಿನಿಂದ ಒಂದು ಹೆಜ್ಜೆ ಇಟ್ಟರೆ ಹುಲ್ಲು. ‘ಮನೆ ಎಲ್ಲಿ ಮುಗೀತು, ಗಾರ್ಡನ್ ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಬಾರದು ಮೇಡಂ’ ಎಂದು ಅವರು ನನಗೆ ವಿವರಿಸಿದ್ದರು. (ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟುಕೊಂಡಿರುವ ನನಗೆ ಹೊಟ್ಟೆ ಉರಿಯದೇ ಇರುತ್ತದೆಯೇ?)

‘ಅತ್ತಿಗೆ, ಅರಮನೆ ಬರ್ಕೊಟ್ರೂ ನೀವು ಒಪ್ಪಲ್ಲ ಬಿಡಿ’ ಎಂದು ರೇಗಿಸಿದ್ದೆ. ಅತ್ತಿಗೆ ನಗಲಿಲ್ಲ.

ಕಾಗದದ ಮೇಲೆ ಅರ್ಥವಾಗುತ್ತಿಲ್ಲವೇನೋ ಎಂದುಕೊಂಡು ನಯನಾ ಒಂದು ಭಾನುವಾರ ನಮ್ಮನ್ನೆಲ್ಲ ತೋಟಕ್ಕೇ ಕರೆಸಿದರು. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಇಡೀ ಮನೆಯನ್ನು ಬರೆಸಿದ್ದರು. ಇದು ಹಾಲ್, ಇದು ಕಿಚನ್, ಇದು ಡೈನಿಂಗ್. ಕಾಲೇಜು ಓದುತ್ತಿರುವ ಮಗನಿಗೆ ಮಹಡಿಯ ಮೇಲೊಂದು ರೂಮು. ಅತ್ತಿಗೆಯನ್ನು ಕಿಚನ್ ಗೆರೆಯೊಳಗೆ ನಿಲ್ಲಿಸಿ ಕೇಳಿದರು: ‘ಅಮ್ಮ, ಇಲ್ಲಿ ನಿಮ್ಮ ಕಿಟಕಿ ಬರುತ್ತೆ. ಇಲ್ಲಿಂದ ನಿಮಗೆ ಏನು ಕಾಣಬೇಕು?’

ಎಷ್ಟು ಸಾದಾ ಪ್ರಶ್ನೆ!

ಅತ್ತಿಗೆ ಅಣ್ಣನ ಕಡೆ ತಿರುಗಿದರು.

‘ರೀ, ನನ್ ಕೂಸ್ನ ಎಲ್ಲಿ ಮಣ್ಣು ಮಾಡಿದ್ರಿ?’

ನಮ್ಮ ಮನೆಯಲ್ಲಿ ಆ ಮಾತು ಎದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಅತ್ತಿಗೆಯ ಮೊದಲ ಮಗು ಹೆಣ್ಣು. ಹುಟ್ಟಿದ ವಾರದೊಳಗೇ ಹೋಗಿಬಿಟ್ಟಿತ್ತು. ನಮ್ಮ ಕಡೆ ಹಸುಗೂಸು ಹೋದರೆ ಗಂಡಸರೇ ತೋಟಕ್ಕೆ ಒಯ್ದು ಮಣ್ಣು ಮಾಡಿ ಬರುತ್ತಾರೆ. ಗುರುತಿಗೊಂದು ಕಲ್ಲೂ ಇಡುವುದಿಲ್ಲ. ಬಾಣಂತಿಗೆ ಜಾಗ ಹೇಳುವುದಿಲ್ಲ. ಗೊತ್ತಾದರೆ ಅಲ್ಲೇ ಹೋಗಿ ಕೂರುತ್ತಾಳೆ, ಮರೆಯುವುದಿಲ್ಲ ಅಂತ. (ಗೊತ್ತಾಗದಿದ್ದರೆ ಮರೆಯುತ್ತಾಳೆ ಎಂದು ಇವರಿಗೆ ಹೇಳಿದವರಾದರೂ ಯಾರು?)

ಅಷ್ಟೂ ವರ್ಷ ಅತ್ತಿಗೆ ಅದೇ ತೋಟದಲ್ಲಿ ಕಾಯಿ ಆರಿಸಿದ್ದಾರೆ, ಹಸುವಿಗೆ ಹುಲ್ಲು ಕೊಯ್ದಿದ್ದಾರೆ. ಎಲ್ಲಿ ಕಾಲಿಟ್ಟರೂ ಇಲ್ಲೇ ಇರಬಹುದೇ ಎಂಬ ಅನುಮಾನವಂತೆ. ಈಗ ಅಲ್ಲಿಗೆ ಪಾಯ ಅಗೆಯಲು ಜೆಸಿಬಿ ಬರುವುದರಲ್ಲಿತ್ತು. ನಕ್ಷೆ ಹೇಗೆ ಹಿಡಿಸೀತು?

ಅಣ್ಣ ಸುಣ್ಣದ ಗೆರೆಗಳನ್ನು ದಾಟಿಕೊಂಡು ಹೋಗಿ, ಡೈನಿಂಗ್ ಮಧ್ಯೆ, ಎರಡು ತೆಂಗಿನ ಮರಗಳ ನಡುವೆ ನಿಂತ.

‘ಇಲ್ಲೇ ಕಣೆ.’

ಆ ತುಂಡು ಜಾಗವನ್ನು ಅಣ್ಣ ಯಾವತ್ತೂ ಉಳುಮೆ ಮಾಡಿಸಿರಲಿಲ್ಲ. ಅಲ್ಲಿ ಬಂಡೆ ಇದೆ ಎಂದು ಟ್ರ್ಯಾಕ್ಟರಿನವನಿಗೆ ಹೇಳುತ್ತಿದ್ದ. ನಾವೂ ನಂಬಿದ್ದೆವು.

‘ಗೊತ್ತಿದ್ದೂ ಇದ್ರ ಮ್ಯಾಲೇ ಮನೆ ಬರೆಸಿದ್ರಾ?’ ಅತ್ತಿಗೆ ಕೇಳಿದರು.

‘ಮನೆ ಒಳ್ಗೇ ಸೇರಿಸ್ಕಂಡ್ರೆ ಮುಂದಕ್ಕೆ ಯಾರೂ ಅಗೆಯಂಗಿಲ್ಲ. ನಮ್ಮತ್ರನೇ ಇರ್ತದೆ ಅನ್ಕಂಡೆ ಕಣೆ...’

‘ಟೈಲ್ಸ್ ಹಾಕಿ ಮುಚ್ಚಬ್ಯಾಡಿ ಕಣ್ರೀ. ಬಿಸ್ಲು ಬೀಳ್ಲಿ, ಮಳೆ ಬೀಳ್ಲಿ. ನನ್ ಕಣ್ಮುಂದೆ ಇರ್ಲಿ, ಅಷ್ಟೇಯ.’

ಒಬ್ಬರು ಕೇಳದೆ, ಒಬ್ಬರು ಹೇಳದೆ, ಒಂದೇ ದುಃಖವನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತುಕೊಂಡು ತಿರುಗಿದ್ದರು. ಹೇಳದೇ ಇರುವುದನ್ನೇ ಕರುಣೆ ಎಂದುಕೊಂಡುಬಿಡುತ್ತೇವಲ್ಲ, ಏನು ಜನ ನಾವು!

ಮನೆ ಕಟ್ಟುವಾಗ ಏನೇನೆಲ್ಲ ಕೇಳುತ್ತೇವೆ. ಗ್ರಾನೈಟೋ ಟೈಲ್ಸೋ? ಬಾಗಿಲು ಯಾವ ದಿಕ್ಕಿಗೆ? ಮಾಡ್ಯುಲರ್ ಕಿಚನ್ನಿಗೆ ಯಾವ ಬಣ್ಣ? ದಿನಾ ಒಲೆ ಮುಂದೆ ನಿಲ್ಲುವವಳಿಗೆ ಏನು ಕಾಣಬೇಕು ಎಂದು ಕೇಳುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ವಾಸ್ತು ನೋಡುವವರು ಬಂದು ಗೊಣಗಿದರು. ಮನೆಯೊಳಗೆ ಅಂಥದ್ದು ಇರಬಾರದು, ತೆಗೆಸಿಬಿಡಿ ಎಂದರು. ಅಣ್ಣ ಅವರಿಗೆ ಕಾಫಿ ಕೊಟ್ಟು ಕಳಿಸಿದ. ನಯನಾ ಹೊಸ ನಕ್ಷೆ ಬರೆದರು. ಡೈನಿಂಗ್ ಪಕ್ಕಕ್ಕೆ ಸರಿಯಿತು. ಮನೆಯ ಮಧ್ಯೆ ಆ ಎರಡು ಮರ, ನಡುವೆ ಹುಲ್ಲು, ಮೇಲೆ ಆಕಾಶ. ಮೂರು ಕಡೆ ಗಾಜು, ಇನ್ನೊಂದು ಕಡೆ ತೋಟಕ್ಕೇ ಬಯಲು. ಕಿಚನ್ ಕಿಟಕಿ ತೆರೆಯುವುದು ಅಲ್ಲಿಗೇ. (ಕಾಯಿ ಉದುರಿ ಗಾಜು ಒಡೆಯದಂತೆ ಮರಗಳಿಗೆ ಬಲೆ ಕಟ್ಟಿಸಿದ್ದಾರೆ.) ಆ ನಕ್ಷೆಯನ್ನು ಅತ್ತಿಗೆ ವಾಪಸ್ ಕೊಡಲಿಲ್ಲ.

ಕಳೆದ ವಾರ ಗೃಹಪ್ರವೇಶ. ಬಂದವರೆಲ್ಲ ಗಾಜಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಏನು ಡಿಸೈನು, ಏನು ಐಡಿಯಾ ಎಂದು ಹೊಗಳಿದರು.

ಚನ್ನರಾಯಪಟ್ಟಣದ ನಮ್ಮ ಚಿಕ್ಕಪ್ಪ ಮಾತ್ರ ಸುಲಭಕ್ಕೆ ಮೆಚ್ಚುವವರಲ್ಲ. ಊಟ ಮುಗಿಸಿ, ಎಲೆಯಡಿಕೆ ಜಗಿಯುತ್ತಾ ಬಂದು ಆ ಹುಲ್ಲನ್ನು ನೋಡಿ ಅತ್ತಿಗೆಯನ್ನು ಕರೆದರು.

‘ಏನವ್ವ ಶಾರದಾ, ನಡುಮನೇಲಿ ಇಷ್ಟ್ ಜಾಗ ಸುಮ್ಕೆ ವೇಸ್ಟ್ ಮಾಡ್ಬುಟ್ಟಿದ್ದೀರಲ್ಲ. ಇನ್ನೊಂದ್ ರೂಮ್ ಆಗೋದಲ್ವಾ?’

ಅತ್ತಿಗೆ ಕೈಯಲ್ಲಿದ್ದ ಪಾಯಸದ ಪಾತ್ರೆಯನ್ನು ಕೆಳಗಿಟ್ಟರು.

‘ಆಗೈತಲ್ಲ ಮಾವ. ಮಗನ್ದು ಮಹಡಿ ಮ್ಯಾಲೆ. ಇದು ಮಗಳ್ದು.’